ಲಂಕಾವಿ ದ್ವೀಪದ ಐತಿಹ್ಯಗಳು ಮತ್ತು ಚಾರಿತ್ರಿಕ ತಾಣಗಳು: ಏನನ್ನು ನೋಡಬೇಕು, ಹೇಗೆ ನೋಡಬೇಕು?

ಪ್ರಶ್ನೆ: ಪಯಣಪ್ರಿಯೆ

ಎಲ್ಲರಿಗೂ ನಮಸ್ಕಾರ. ಬರುವ ಜನವರಿಯಲ್ಲಿ ನಾನು, ನನ್ನ ಪತಿ, ಹೈಸ್ಕೂಲಿನಲ್ಲಿ ಓದುತ್ತಿರುವ ಮಗಳು ಹಾಗೂ 70 ದಾಟಿದ ನನ್ನ ಅತ್ತೆಯವರು ಮಲೇಷ್ಯಾದ ಲಂಕಾವಿ ದ್ವೀಪಕ್ಕೆ ಹೋಗುವುದೆಂದು ನಿಶ್ಚಯವಾಗಿದೆ. ಪ್ರವಾಸ ಸಂಸ್ಥೆಗಳು ಕಳುಹಿಸುವ ಪಟ್ಟಿಗಳಲ್ಲಿ ಕಡಲತೀರ, ಕೇಬಲ್ ಕಾರು, ಸುಂಕವಿಲ್ಲದ ಅಂಗಡಿಗಳು ಇವಿಷ್ಟೇ ಕಾಣುತ್ತವೆ. ನಮ್ಮ ಮನೆಯವರ ಆಸಕ್ತಿ ಬೇರೆ. ಅತ್ತೆಯವರು ಯಾವ ಊರಿಗೆ ಹೋದರೂ ಮೊದಲು ಅಲ್ಲಿನ ಸ್ಥಳಪುರಾಣವನ್ನು ಕೇಳುವವರು, ಮಗಳಿಗೆ ಚರಿತ್ರೆಯೆಂದರೆ ಪ್ರೀತಿ.

ಮಹ್ಸೂರಿ ಎಂಬ ಹೆಣ್ಣುಮಗಳ ಶಾಪದ ಕಥೆಯನ್ನು ನಾನು ಎರಡು ಮೂರು ಕಡೆ ಓದಿದೆ, ಒಂದರಲ್ಲಿದ್ದಂತೆ ಇನ್ನೊಂದರಲ್ಲಿಲ್ಲ. ಅದರಲ್ಲಿ ನಡೆದದ್ದೆಷ್ಟು, ಜನ ಕಟ್ಟಿಕೊಂಡದ್ದೆಷ್ಟು ಎಂಬುದನ್ನು ಬಲ್ಲವರು ತಿಳಿಸಬೇಕು. ಇಂಥ ಐತಿಹ್ಯಗಳೊಡನೆ ಬೆಸೆದುಕೊಂಡಿರುವ ಬೇರೆ ಜಾಗಗಳು ದ್ವೀಪದಲ್ಲಿ ಯಾವುವು ಮತ್ತು ವಯಸ್ಸಾದವರನ್ನು ಅಲ್ಲಿಗೆ ಕರೆದೊಯ್ಯಬಹುದೇ ಎಂಬುದು ನನ್ನ ಎರಡನೆಯ ಪ್ರಶ್ನೆ. ಪ್ರಾಚೀನ ಕೆಡಾ ರಾಜ್ಯದ ಹಿಂದೂ ಮತ್ತು ಬೌದ್ಧ ಅವಶೇಷಗಳ ಬಗ್ಗೆಯೂ ಕೇಳಿದ್ದೇನೆ. ಅವು ಲಂಕಾವಿಯಲ್ಲೇ ಇವೆಯೇ, ಅಥವಾ ಅವುಗಳಿಗಾಗಿ ಕಡಲು ದಾಟಬೇಕೇ?

ಉತ್ತರ: ಅಲೋರ್ ಸೆಟಾರ್ ವಾಸಿ

ಮಾನ್ಯರೇ, ಉದ್ಯೋಗದ ನಿಮಿತ್ತ, ಲಂಕಾವಿಯೂ ಸೇರಿರುವ ಮಲೇಷ್ಯಾದ ಕೆಡಾ ರಾಜ್ಯದಲ್ಲಿ ನೆಲೆಸಿರುವ ಕನ್ನಡಿಗನಾದ ನನಗೆ ನಿಮ್ಮ ಪ್ರಶ್ನೆಯನ್ನು ಓದಿ ನಿಜಕ್ಕೂ ಸಂತೋಷವಾಯಿತು. ಲಂಕಾವಿ ಎನ್ನುವುದು ಒಂದೇ ದ್ವೀಪವಲ್ಲ. ಅಂಡಮಾನ್ ಸಮುದ್ರದಲ್ಲಿ, ಥಾಯ್ಲೆಂಡಿನ ಗಡಿಗೆ ಅಂಟಿಕೊಂಡಂತೆ ಹರಡಿರುವ 99 ದ್ವೀಪಗಳ ಸಮೂಹ. ಇಲ್ಲಿನ ಐತಿಹ್ಯಗಳ ವಿಶೇಷವೇನೆಂದರೆ, ಪ್ರತಿಯೊಂದು ಕಥೆಗೂ ಒಂದು ನಿಶ್ಚಿತ ನೆಲವಿದೆ. ಬೆಟ್ಟ, ಕೆರೆ, ಗುಹೆ, ಗದ್ದೆ ಎಲ್ಲವನ್ನೂ ಜನ ಕಥೆಯ ಮೂಲಕವೇ ಗುರುತಿಸುತ್ತಾರೆ. ಆದ್ದರಿಂದ ಕಥೆಯನ್ನು ಮೊದಲೇ ತಿಳಿದುಕೊಂಡು ಹೋದವರಿಗೆ ಮಾತ್ರ ಈ ದ್ವೀಪ ಪೂರ್ತಿಯಾಗಿ ಕಾಣುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲಿಗೆ ಮಹ್ಸೂರಿಯ ಕಥೆ. ಫುಕೆಟ್ ದ್ವೀಪದಿಂದ ಬದುಕನ್ನು ಅರಸಿ ಬಂದ ಪಾಂಡಕ್ ಮಾಯಾ ಎಂಬವನ ಮಗಳು ಅವಳು. ರೂಪವತಿಯಾದ ಅವಳನ್ನು ವಾನ್ ದಾರುಸ್ ಎಂಬ ವೀರ ಮದುವೆಯಾದ. ಸಯಾಮಿನವರ (ಸಯಾಮ್ ಎಂದರೆ ಇಂದಿನ ಥಾಯ್ಲೆಂಡ್) ವಿರುದ್ಧದ ಯುದ್ಧಕ್ಕೆ ಗಂಡ ಹೊರಟುಹೋದ ಕಾಲದಲ್ಲಿ, ಹಾಡುತ್ತ ಕಥೆ ಹೇಳುತ್ತ ಊರೂರು ಅಲೆಯುತ್ತಿದ್ದ ಡೇರಾಮಾಂಗ್ ಎಂಬ ಯುವಕನಿಗೆ ಮಹ್ಸೂರಿಯ ಮನೆಯಲ್ಲಿ ಆಶ್ರಯ ಸಿಕ್ಕಿತು. ಊರ ಮುಖ್ಯಸ್ಥನ ಹೆಂಡತಿ ವಾನ್ ಮಹೋರಾ ಇದನ್ನೇ ನೆಪ ಮಾಡಿಕೊಂಡು ಅವಳ ಮೇಲೆ ಹಾದರದ ಆರೋಪ ಹೊರಿಸಿದಳು. ಈ ಮಹೋರಾ ಕೆಲವು ಪಾಠಗಳಲ್ಲಿ ಮಹ್ಸೂರಿಯ ಅತ್ತೆ, ಕೆಲವುಗಳಲ್ಲಿ ವಾರಗಿತ್ತಿ. ನೀವು ಓದಿದ ಕಥೆಗಳು ಒಂದಕ್ಕೊಂದು ಹೊಂದದಿರುವುದಕ್ಕೆ ಇದೂ ಒಂದು ಕಾರಣವಿದ್ದೀತು. ಗಂಡ ಹಿಂದಿರುಗುವ ಮೊದಲೇ, ಹಸುಗೂಸಿನ ತಾಯಿಯಾಗಿದ್ದ ಅವಳನ್ನು ಮರಕ್ಕೆ ಕಟ್ಟಿ ಕೊಲ್ಲಲು ಹೊರಟರು. ಯಾವ ಆಯುಧವೂ ಅವಳ ಮೈಯನ್ನು ನಾಟದೆ ಹೋದಾಗ, ತನ್ನ ಮನೆತನದ ಆಯುಧವೊಂದೇ ತನ್ನನ್ನು ಕೊಲ್ಲಬಲ್ಲದೆಂದು ಅವಳೇ ತಿಳಿಸಿದಳಂತೆ. ಅದರಿಂದ ಇರಿದಾಗ ಬಿಳಿಯ ರಕ್ತ ಚಿಮ್ಮಿತು. ಏಳು ತಲೆಮಾರಿನವರೆಗೆ ಈ ದ್ವೀಪ ಏಳಿಗೆ ಕಾಣದಿರಲಿ ಎಂದು ಶಪಿಸಿ ಅವಳು ಪ್ರಾಣಬಿಟ್ಟಳು.

ಅವಳ ಸಮಾಧಿ ಕಂಪುಂಗ್ ಮಾವತ್ ಎಂಬ ಹಳ್ಳಿಯಲ್ಲಿದೆ. ಆ ಆವರಣಕ್ಕೆ ಈಗ ಕೋತಾ ಮಹ್ಸೂರಿ ಎಂದು ಹೆಸರು. ಬಿಳಿಯ ಅಮೃತಶಿಲೆಯ ಸಮಾಧಿ, ಅವಳದೆಂದು ಹೇಳುವ ಬಾವಿ, ಸಾಂಪ್ರದಾಯಿಕ ಮಲಯ್ ಶೈಲಿಯ ಮರದ ಮನೆ, ಚಿಕ್ಕ ವಸ್ತುಸಂಗ್ರಹಾಲಯ, ಇವು ಅಲ್ಲಿವೆ. ಮುಂದೆ ಮಲೇಷ್ಯಾದ ಮೊದಲ ಪ್ರಧಾನಮಂತ್ರಿಯಾದ ತುಂಕು ಅಬ್ದುಲ್ ರಹಮಾನರು 1930ರ ದಶಕದಲ್ಲಿ ಲಂಕಾವಿಯ ಜಿಲ್ಲಾಧಿಕಾರಿಯಾಗಿದ್ದಾಗ, ಪಾಳುಬಿದ್ದಿದ್ದ ಈ ಸಮಾಧಿಯನ್ನು ಹುಡುಕಿಸಿ ಜೀರ್ಣೋದ್ಧಾರ ಮಾಡಿಸಿದರು. ಫುಕೆಟ್‌ನಲ್ಲಿರುವ ಏಳನೆಯ ತಲೆಮಾರಿನ ವಂಶಜೆಯೊಬ್ಬರನ್ನು ಗುರುತಿಸಿ 2000ದ ಸುಮಾರಿಗೆ ಲಂಕಾವಿಗೆ ಕರೆತಂದಾಗ, ಶಾಪ ಕಳೆಯಿತೆಂದು ದ್ವೀಪದ ಜನ ಸಂಭ್ರಮಿಸಿದ್ದರು. ಇದು ನಂಬಿಕೆಯ ಮಾತಾಯಿತು. ದ್ವೀಪದ ಆರ್ಥಿಕತೆ ಬದಲಾದದ್ದು 1987ರಲ್ಲಿ ಸರ್ಕಾರ ಅದನ್ನು ಸುಂಕಮುಕ್ತ ವಲಯವೆಂದು ಘೋಷಿಸಿದ ಮೇಲೆ. ಅಲ್ಲಿಯವರೆಗೆ ಇದು ಭತ್ತ ಬೆಳೆದು ಮೀನು ಹಿಡಿದು ಬದುಕುತ್ತಿದ್ದವರ ಬಡ ದ್ವೀಪವಾಗಿತ್ತು.

ಒಂದು ವಿನಂತಿ. ಅದು ಸಮಾಧಿ. ಅನ್ಯಾಯವಾಗಿ ಸತ್ತವಳೆಂದು ಜನ ಇಂದಿಗೂ ಮರುಗುವ ಜಾಗ. ಮೈತುಂಬ ಬಟ್ಟೆಯುಟ್ಟು, ಮೆಲುದನಿಯಲ್ಲಿ ಮಾತಾಡುತ್ತ ನೋಡಿ ಬರುವುದು ಒಳ್ಳೆಯದು.

ಸಮಾಧಿಯಿಂದ ವಿಮಾನ ನಿಲ್ದಾಣದ ಕಡೆಗೆ ಬಂದರೆ ಪಾಡಾಂಗ್ ಮತ್ಸಿರಾತ್ ಸಿಗುತ್ತದೆ. ಮಹ್ಸೂರಿ ಸತ್ತ ಕೆಲವೇ ದಿನಗಳಲ್ಲಿ ಸಯಾಮಿನ ಸೈನ್ಯ ದಂಡೆತ್ತಿ ಬಂತೆಂದೂ, ಶತ್ರುಗಳಿಗೆ ದಕ್ಕದಿರಲೆಂದು ಮುಖ್ಯಸ್ಥನು ಊರಿನ ಅಕ್ಕಿಯನ್ನೆಲ್ಲ ಇಲ್ಲಿ ರಾಶಿ ಹಾಕಿಸಿ ಸುಡಿಸಿದನೆಂದೂ ಹೇಳುತ್ತಾರೆ. ಮಳೆ ಬಿದ್ದ ಮೇಲೆ ಕರಕಲು ಅಕ್ಕಿಕಾಳುಗಳು ನೆಲದಿಂದ ಮೇಲೆ ಬರುತ್ತವೆಂಬುದು ಜನರ ಮಾತು. ನೋಡುವುದಕ್ಕೆ ಅಲ್ಲಿ ಹೆಚ್ಚೇನೂ ಇಲ್ಲ. ಆದರೂ ಮಹ್ಸೂರಿಯ ಸಮಾಧಿಯನ್ನು ನೋಡಿದ ದಿನವೇ ಇದನ್ನೂ ನೋಡಬೇಕು, ಏಕೆಂದರೆ ಎರಡೂ ಒಂದೇ ಕಥೆ.

ನಿಮ್ಮ ಅತ್ತೆಯವರಿಗೆ ಬಹಳ ಹಿಡಿಸಬಹುದಾದದ್ದು ಮಾತ್ ರಾಯಾ ಮತ್ತು ಮಾತ್ ಚಿನ್ಚಾಂಗ್ ಎಂಬ ಇಬ್ಬರು ದೈತ್ಯರ ಕಥೆ. ಬೀಗರಾಗಬೇಕಿದ್ದ ಇವರು ಮದುವೆಯ ಔತಣದಲ್ಲೇ ಕೈಕೈ ಮಿಲಾಯಿಸಿ, ಅಡುಗೆಯ ಪಾತ್ರೆಗಳನ್ನೆಲ್ಲ ಎತ್ತಿ ಎಸೆದಾಡಿದರಂತೆ. ಮಡಕೆ ಒಡೆದು ಬಿದ್ದ ಜಾಗ ಬೆಲಾಂಗಾ ಪೆಚಾ, ಸಾರು ಚೆಲ್ಲಿದ ಜಾಗ ದ್ವೀಪದ ಮುಖ್ಯ ಪಟ್ಟಣವಾದ ಕುವಾ, ಅದು ನೆಲದಲ್ಲಿ ಇಂಗಿದ ಜಾಗ ಕಿಸಾಪ್, ಬಿಸಿನೀರು ಉಕ್ಕಿದ್ದು ಆಯೆರ್ ಹಾಂಗತ್. ಕೊನೆಗೆ ಇಬ್ಬರೂ ಎದುರುಬದುರಾಗಿ ಬೆಟ್ಟಗಳಾದರು; ಜಗಳ ಬಿಡಿಸಲು ಬಂದ ಮಾತ್ ಸಾವಾರ್ ಅವರಿಬ್ಬರ ನಡುವೆ ಗುಡ್ಡವಾಗಿ ನಿಂತ. ಕಾರಿನಲ್ಲಿ ದ್ವೀಪವನ್ನು ಒಂದು ಸುತ್ತು ಹಾಕಿದರೆ ಈ ಹೆಸರುಗಳೆಲ್ಲ ರಸ್ತೆಯ ಫಲಕಗಳ ಮೇಲೆ ಒಂದೊಂದಾಗಿ ಎದುರಾಗುತ್ತವೆ.

ಎರಡನೆಯ ದೊಡ್ಡ ದ್ವೀಪವಾದ ದಾಯಾಂಗ್ ಬುಂಟಿಂಗ್‌ನಲ್ಲಿ ಬೆಟ್ಟಗಳ ನಡುವೆ ಸಿಹಿನೀರಿನ ಕೆರೆಯೊಂದಿದೆ. ಮಾಂಬಾಂಗ್ ಸಾರಿ ಎಂಬ ಗಂಧರ್ವಕನ್ಯೆಯನ್ನು ಮಾತ್ ತೇಜಾ ಎಂಬ ಯುವಕ ಮತ್ಸ್ಯಕನ್ಯೆಯ ಕಣ್ಣೀರಿನ ಬಲದಿಂದ ಒಲಿಸಿಕೊಂಡು ಮದುವೆಯಾದ. ಅವರಿಗೆ ಹುಟ್ಟಿದ ಮಗು ಉಳಿಯಲಿಲ್ಲ. ದುಃಖದಲ್ಲಿ ತಾಯಿ ಆ ಕೂಸನ್ನು ಈ ಕೆರೆಗೆ ಒಪ್ಪಿಸಿ, ಇಲ್ಲಿ ಮಿಂದ ಬಂಜೆಯರಿಗೆ ಮಕ್ಕಳಾಗಲಿ ಎಂದು ಹರಸಿ ತನ್ನ ಲೋಕಕ್ಕೆ ಮರಳಿದಳು. ತಾನು ಕಳೆದುಕೊಂಡದ್ದು ಇತರರಿಗೆ ಸಿಗಲಿ ಎಂದ ಈ ತಾಯಿಯ ಕಥೆ ನನಗೆ ಮಹ್ಸೂರಿಯ ಕಥೆಗಿಂತ ಹೆಚ್ಚು ಹತ್ತಿರವಾದದ್ದು.

ಉತ್ತರ: ಚರಿತ್ರೆಯ ಬೋಧಕ

ಮೇಲಿನ ಮಹನೀಯರು ಕಥೆಗಳನ್ನು ಬಹಳ ಚೆನ್ನಾಗಿ ವಿವರಿಸಿದ್ದಾರೆ. ನಡೆದದ್ದೆಷ್ಟು ಎಂಬ ಪ್ರಶ್ನೆಯ ಬಗ್ಗೆ ನಾನು ನಾಲ್ಕು ಮಾತು ಸೇರಿಸುತ್ತೇನೆ.

ಮಹ್ಸೂರಿಯ ಸಾವಿನ ವರ್ಷವೆಂದು ಸಮಾಧಿಯ ಬಳಿ ಸೂಚಿಸಿರುವುದು ಹಿಜರಿ 1235, ಅಂದರೆ ಕ್ರಿ.ಶ. 1819. ಈಗ ಚರಿತ್ರೆಯ ಕಡೆ ನೋಡಿ. ಕೆಡಾದ ಸುಲ್ತಾನರು ಸಯಾಮಿನ ಅರಸರಿಗೆ ಚಿನ್ನದಲ್ಲೂ ಬೆಳ್ಳಿಯಲ್ಲೂ ಮಾಡಿದ ಹೂಗಿಡಗಳನ್ನು ಕಪ್ಪಕಾಣಿಕೆಯಾಗಿ ಕಳುಹಿಸಬೇಕಾಗಿತ್ತು; ಇದನ್ನು ಬುಂಗಾ ಮಾಸ್ ಎನ್ನುತ್ತಿದ್ದರು. ಸುಲ್ತಾನ ಅಹ್ಮದ್ ತಾಜುದ್ದೀನ್ ಹಲೀಮ್ ಷಾ ಬರ್ಮಾದೊಡನೆ ಒಳಸಂಪರ್ಕ ಇಟ್ಟುಕೊಂಡಿದ್ದಾನೆ ಎಂಬ ಸಂಶಯವೂ ಸೇರಿ, 1821ರಲ್ಲಿ ಸಯಾಮಿನ ಅಧೀನದಲ್ಲಿದ್ದ, ಲಿಗೋರ್ ಎಂದು ಹೆಸರಾಗಿದ್ದ ನಖೋನ್ ಸಿ ಥಮ್ಮರಾತ್‌ನ ಸೈನ್ಯ ಕೆಡಾದ ಮೇಲೆ ಎರಗಿತು. ಸುಲ್ತಾನ ಬ್ರಿಟಿಷರ ವಶದಲ್ಲಿದ್ದ ಪೆನಾಂಗ್‌ಗೆ ಓಡಿಹೋದ. ಅವನಿಗೆ ಸಿಂಹಾಸನ ಮತ್ತೆ ದೊರೆತದ್ದು 1842ರಲ್ಲಿ. ನಡುವಿನ ಎರಡು ದಶಕಗಳಲ್ಲಿ ಸಾವಿರಾರು ಜನ ಊರು ತೊರೆದರು, ಗದ್ದೆಗಳು ಬೀಳುಬಿದ್ದವು. ಲಂಕಾವಿಯೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ.

ಹೀಗಿರುವಾಗ ಶಾಪದ ಕಥೆಯನ್ನು ಬರಿಯ ಕಲ್ಪನೆಯೆಂದು ತಳ್ಳಿಹಾಕುವುದು ಸರಿಯಲ್ಲ, ಅದನ್ನೇ ದಾಖಲೆಯೆಂದು ಒಪ್ಪಿಕೊಳ್ಳುವುದೂ ಸರಿಯಲ್ಲ. ದೊಡ್ಡ ರಾಜ್ಯಗಳ ಕಲಹದಲ್ಲಿ ತಮ್ಮ ಬದುಕು ಏಕೆ ಹಾಳಾಯಿತೆಂಬ ಪ್ರಶ್ನೆಗೆ ದ್ವೀಪದ ಜನ ಕಂಡುಕೊಂಡ ಉತ್ತರ ಇದು ಎಂದು ನಾನು ಭಾವಿಸುತ್ತೇನೆ. ಆ ಉತ್ತರದಲ್ಲಿ ತಪ್ಪನ್ನು ಸಯಾಮಿನ ಮೇಲೆ ಹೊರಿಸದೆ, ತಮ್ಮ ಊರಿನವರೇ ನಿರಪರಾಧಿಯೊಬ್ಬಳಿಗೆ ಮಾಡಿದ ಅನ್ಯಾಯದ ಮೇಲೆ ಹೊರಿಸಿಕೊಂಡಿದ್ದಾರೆ. ಇದು ಗಂಭೀರವಾಗಿ ಯೋಚಿಸಬೇಕಾದ ಸಂಗತಿ. ನಿಮ್ಮ ಮಗಳೊಡನೆ ಇದನ್ನು ಅವಶ್ಯವಾಗಿ ಚರ್ಚಿಸಿ.

ಸುಟ್ಟ ಅಕ್ಕಿಯ ವಿಷಯದಲ್ಲಿ ಇನ್ನೊಂದು ಮಾತು. ಪೂರ್ತಿ ಕರಕಲಾದ ಕಾಳು ಇಂಗಾಲವಾಗಿಬಿಡುವುದರಿಂದ ಮಣ್ಣಿನಲ್ಲಿ ಕೊಳೆಯುವುದಿಲ್ಲ. ಸಾವಿರಾರು ವರ್ಷಗಳ ಹಿಂದಿನ ಕರಕಲು ಧಾನ್ಯ ಉತ್ಖನನಗಳಲ್ಲಿ ದೊರೆಯುವುದುಂಟು. ಹಾಗಾಗಿ ಇನ್ನೂರು ವರ್ಷಗಳ ಹಿಂದೆ ಸುಟ್ಟ ಅಕ್ಕಿ ಇಂದು ಕಾಣಿಸಿಕೊಂಡರೆ ಅದರಲ್ಲಿ ಅಸಾಧ್ಯವೇನೂ ಇಲ್ಲ.

ಇನ್ನು ಪ್ರಾಚೀನ ಅವಶೇಷಗಳ ಪ್ರಶ್ನೆ. ನೀವು ಕೇಳಿದ ದೇವಾಲಯಗಳು ಲಂಕಾವಿಯಲ್ಲಿಲ್ಲ, ಕೆಡಾದ ಮುಖ್ಯ ಭೂಭಾಗದಲ್ಲಿ, ಜೆರಾಯ್ ಪರ್ವತದ ತಪ್ಪಲಿನ ಬುಜಾಂಗ್ ಕಣಿವೆಯಲ್ಲಿವೆ. ತಮಿಳು ಶಾಸನಗಳು ಕಡಾರಂ ಎಂದು ಕರೆಯುವ, 1025ರ ನೌಕಾದಾಳಿಯಲ್ಲಿ ರಾಜೇಂದ್ರ ಚೋಳ ಗೆದ್ದನೆಂದು ಹೇಳುವ ರಾಜ್ಯ ಇದೇ. ಮೆರ್ಬೊಕ್ ಬಳಿಯ ವಸ್ತುಸಂಗ್ರಹಾಲಯದ ಆವರಣದಲ್ಲಿ, ಬುಕಿತ್ ಬಾತು ಪಾಹಾತ್ ಎಂಬಲ್ಲಿರುವ ದೇವಾಲಯದ ತಳಪಾಯವನ್ನು ಪುನರ್ನಿರ್ಮಿಸಿದ್ದಾರೆ. ಗರ್ಭಗುಡಿಯ ಕಲ್ಲಿನ ಕಟ್ಟೆ, ಅದರ ಮುಂದೆ ಮಂಟಪದ ಕಂಬಗಳನ್ನು ನಿಲ್ಲಿಸುತ್ತಿದ್ದ ಪೀಠಶಿಲೆಗಳ ಸಾಲು, ಪಕ್ಕದಲ್ಲೇ ಹರಿಯುವ ತೊರೆ. ನಮ್ಮ ದೇವಾಲಯಗಳ ವೈಭವವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಇದು ಸಣ್ಣದಾಗಿ ತೋರೀತು. ಮುಂಗಾರಿನ ಗಾಳಿಗಾಗಿ ತಿಂಗಳುಗಟ್ಟಲೆ ಕಾಯುತ್ತ ಇಲ್ಲಿ ತಂಗುತ್ತಿದ್ದ ಬಂಗಾಳ ಕೊಲ್ಲಿಯ ನಾವಿಕರ ಜಗತ್ತನ್ನು ನೆನೆದು ನಿಂತರೆ ಮಾತ್ರ ಅದರ ಮಹತ್ವ ತಿಳಿಯುತ್ತದೆ. ಅಂಥ ನಾವಿಕರಲ್ಲಿ ಒಬ್ಬನಾದ ಮಹಾನಾವಿಕ ಬುದ್ಧಗುಪ್ತನ ಸಂಸ್ಕೃತ ಶಾಸನ ಇದೇ ಸೀಮೆಯಲ್ಲಿ 1834ರಲ್ಲಿ ದೊರೆತು, ಈಗ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿದೆ.

ಲಂಕಾವಿಯ ಉತ್ತರ ತುದಿಯಲ್ಲಿರುವ ಗುವಾ ಚೆರಿತಾ ಎಂಬ ಗುಹೆಯನ್ನೂ ಮರೆಯಬಾರದು. ಕೆಡಾದ ರಾಜವಂಶದ ಮೂಲವನ್ನು ಹೇಳುವ 'ಹಿಕಾಯತ್ ಮೆರೋಂಗ್ ಮಹಾವಂಗ್ಸ' ಎಂಬ ಮಲಯ್ ಗ್ರಂಥದ ಕಥೆ ಈ ಗುಹೆಗೆ ಅಂಟಿಕೊಂಡಿದೆ. ರೂಮ್ (ರೋಮ್) ದೇಶದ ರಾಜಕುಮಾರನಿಗೂ ಚೀನಾದ ರಾಜಕುಮಾರಿಗೂ ಮದುವೆಯಾಗಲು ಬಿಡುವುದಿಲ್ಲವೆಂದು ಗರುಡನು ಪ್ರವಾದಿ ಸುಲೈಮಾನರೊಡನೆ ಪಣ ಕಟ್ಟುತ್ತಾನೆ. ರಾಜಕುಮಾರಿಯನ್ನು ಹೊತ್ತು ತಂದು ಲಂಕಾಪುರಿ ಎಂಬ ದ್ವೀಪದಲ್ಲಿ ಬಚ್ಚಿಡುತ್ತಾನೆ, ಮೆರೋಂಗ್ ಮಹಾವಂಗ್ಸನ ರಕ್ಷಣೆಯಲ್ಲಿ ಬರುತ್ತಿದ್ದ ರಾಜಕುಮಾರನ ಹಡಗುಗಳನ್ನು ಮುಳುಗಿಸುತ್ತಾನೆ. ಆದರೂ ರಾಜಕುಮಾರ ತೇಲಿಕೊಂಡು ಬಂದು ಅದೇ ದ್ವೀಪವನ್ನು ಸೇರುತ್ತಾನೆ, ಅವಳನ್ನು ಕಾಣುತ್ತಾನೆ, ಗರುಡ ಪಣದಲ್ಲಿ ಸೋಲುತ್ತಾನೆ. ಶ್ರೀರಾಮನ ಯುದ್ಧ ಮುಗಿದ ಮೇಲೆ ಈ ಲಂಕಾಪುರಿ ಜನರಿಲ್ಲದೆ ಪಾಳುಬಿದ್ದಿತ್ತೆಂದು ಆ ಗ್ರಂಥವೇ ಹೇಳುತ್ತದೆ. ವಿಷ್ಣುವಿನ ವಾಹನವಾದ ಗರುಡನೂ ಇಸ್ಲಾಮಿನ ಪ್ರವಾದಿಯೂ ಒಂದೇ ಕಥೆಯಲ್ಲಿ ಇಷ್ಟು ಸಹಜವಾಗಿ ಎದುರಾಗುವುದನ್ನು ಓದಿದಾಗ, ಈ ಕಡಲ ಮೇಲೆ ಕಥೆಗಳೂ ಸರಕಿನೊಡನೆ ಹೇಗೆ ಸಾಗಿ ಬಂದವೆಂಬುದು ನನ್ನ ಕಣ್ಣಿಗೆ ಕಟ್ಟಿತು. ಗುಹೆಯ ಗೋಡೆಯ ಮೇಲೆ ಕುರಾನಿನ ವಾಕ್ಯಗಳ ಹಳೆಯ ಬರಹವೂ ಇದೆ.

ಪ್ರತಿಕ್ರಿಯೆ: ಪಯಣಪ್ರಿಯೆ

ಇಬ್ಬರಿಗೂ ಮನಃಪೂರ್ವಕ ವಂದನೆಗಳು. ಗರುಡನ ಕಥೆಯನ್ನು ಅತ್ತೆಯವರಿಗೆ ಓದಿ ಹೇಳಿದೆ. ಕೆಳಗಿನಿಂದಾದರೂ ಸರಿ, ಆ ಗುಹೆಯನ್ನು ನೋಡಲೇಬೇಕೆನ್ನುತ್ತಿದ್ದಾರೆ. ಅವರಿಗೆ ಮಂಡಿನೋವಿದೆ, ಸಮತಟ್ಟಾದ ನೆಲದಲ್ಲಿ ನಡೆಯಬಲ್ಲರು, ಮೆಟ್ಟಿಲು ಕಷ್ಟ. ಬುಜಾಂಗ್ ಕಣಿವೆಗೆ ಒಂದೇ ದಿನದಲ್ಲಿ ಹೋಗಿಬರಲು ಸಾಧ್ಯವೇ?

ಉತ್ತರ: ಶಿಲಾಸಕ್ತ

ನಾನು ಭೂವಿಜ್ಞಾನವನ್ನು ಓದಿದವನು. ಐತಿಹ್ಯಗಳ ನೆಲದ ಬಗ್ಗೆ ಮಾತಾಡುತ್ತ ಆ ನೆಲದ ಕಲ್ಲುಗಳನ್ನು ಬಿಟ್ಟುಬಿಟ್ಟರೆ ಲಂಕಾವಿಯ ಅರ್ಧ ಚರಿತ್ರೆ ಬಿಟ್ಟುಹೋಗುತ್ತದೆ ಎನಿಸಿದ್ದರಿಂದ ಬರೆಯುತ್ತಿದ್ದೇನೆ. ಲಂಕಾವಿ ಒಂದು ಭೂ ಉದ್ಯಾನ (ಜಿಯೋಪಾರ್ಕ್), ಅಂದರೆ ಶಿಲೆಗಳ ಮಹತ್ವಕ್ಕಾಗಿ ಗುರುತಿಸಿದ ಪ್ರದೇಶ; 2007ರಲ್ಲಿ ಯುನೆಸ್ಕೊ ಮನ್ನಣೆ ಪಡೆದ ಇದು ಆಗ್ನೇಯ ಏಷ್ಯಾದಲ್ಲೇ ಮೊದಲನೆಯದು.

ಆ ಇಬ್ಬರು ದೈತ್ಯರನ್ನೇ ತೆಗೆದುಕೊಳ್ಳಿ. ವಾಯವ್ಯದಲ್ಲಿರುವ ಮಾಚಿನ್ಚಾಂಗ್ ಶ್ರೇಣಿ 50 ಕೋಟಿ ವರ್ಷಗಳಿಗೂ ಹಿಂದೆ, ಕೇಂಬ್ರಿಯನ್ ಯುಗದಲ್ಲಿ ಕಡಲಂಚಿನಲ್ಲಿ ಶೇಖರವಾದ ಮರಳುಗಲ್ಲಿನದು. ಮಲೇಷ್ಯಾದ ಅತ್ಯಂತ ಹಳೆಯ ಶಿಲೆಗಳಿರುವುದು ಇಲ್ಲೇ. ಗರಗಸದ ಹಲ್ಲುಗಳ ಹಾಗೆ ಸೀಳಿಕೊಂಡಿರುವ ಅದರ ಶಿಖರಗಳು ಪೆಟ್ಟು ತಿಂದ ಮೈಯಂತೆಯೇ ಕಾಣುತ್ತವೆ. ದ್ವೀಪದ ನಡುವಿನ ಗುನುಂಗ್ ರಾಯಾ, 881 ಮೀಟರಿನ ಅತ್ಯುನ್ನತ ಬೆಟ್ಟ, ಬಹಳ ಕಾಲದ ನಂತರ ಭೂಗರ್ಭದಿಂದ ಉಕ್ಕಿ ಹೆಪ್ಪುಗಟ್ಟಿದ ಗ್ರಾನೈಟು. ಅದು ದುಂಡಗೆ, ದಟ್ಟ ಕಾಡು ಹೊದ್ದು ಕುಳಿತಿದೆ. ಎರಡು ಬೆಟ್ಟಗಳ ಸ್ವಭಾವ ಬೇರೆ ಬೇರೆ ಎಂಬುದನ್ನು ಹಳ್ಳಿಯ ಜನ ಭೂವಿಜ್ಞಾನಿಗಳಿಗಿಂತ ಎಷ್ಟೋ ಮೊದಲೇ ಗಮನಿಸಿದ್ದರು, ಕಥೆಯಲ್ಲಿ ಅದನ್ನು ಹೇಳಿಯೂ ಇದ್ದರು.

ಇದೇ ಗ್ರಾನೈಟಿನ ಕಾವಿನಿಂದ ಪಕ್ಕದ ಸುಣ್ಣಕಲ್ಲು ಬೆಂದು ಅಮೃತಶಿಲೆಯಾಯಿತು. ದಾಯಾಂಗ್ ಬುಂಟಿಂಗ್ ದ್ವೀಪದ ಬೆಟ್ಟಗಳು ಅಂಥವು. ಅಲ್ಲಿನ ಕೆರೆ ಒಂದು ಕಾಲಕ್ಕೆ ದೊಡ್ಡ ಗುಹೆಯಾಗಿದ್ದು, ಅದರ ಚಾವಣಿ ಕುಸಿದು ಬಿದ್ದ ಮೇಲೆ ಮಳೆನೀರು ತುಂಬಿಕೊಂಡದ್ದು. ಕಡಲಿಗೂ ಕೆರೆಗೂ ನಡುವೆ ಕಿರಿದಾದ ಬಂಡೆಯ ಗೋಡೆಯಷ್ಟೇ ಇದ್ದರೂ ಒಳಗಿನ ನೀರು ಸಿಹಿಯಾಗಿರುವುದನ್ನು ಕಂಡವರಿಗೆ ಅಲ್ಲೊಬ್ಬ ಗಂಧರ್ವಕನ್ಯೆ ಬೇಕೆನಿಸಿದ್ದರೆ ಆಶ್ಚರ್ಯವಿಲ್ಲ. ಆಯೆರ್ ಹಾಂಗತ್‌ನ ಬುಗ್ಗೆ ಮಾತ್ರ ಉಪ್ಪುನೀರಿನದು. ಉಪ್ಪುನೀರಿನ ಬಿಸಿಬುಗ್ಗೆಗಳು ಜಗತ್ತಿನಲ್ಲೇ ವಿರಳ.

ನಿಮ್ಮ ಅತ್ತೆಯವರ ದೃಷ್ಟಿಯಿಂದ ಹೇಳುವುದಾದರೆ, ಗುನುಂಗ್ ರಾಯಾದ ತುದಿಯವರೆಗೂ ರಸ್ತೆಯಿದೆ. ಮಾಚಿನ್ಚಾಂಗ್‌ಗೆ ಕೇಬಲ್ ಕಾರು ಇದೆ. ಆ ಕಾರನ್ನು ಬರಿಯ ಮನರಂಜನೆಯೆಂದು ಬದಿಗಿಡಬೇಡಿ. ಇಷ್ಟು ಹಳೆಯ ಕಲ್ಲನ್ನು ಇಷ್ಟು ಹತ್ತಿರದಿಂದ, ಮಂಡಿಗೆ ಶ್ರಮವಿಲ್ಲದೆ ನೋಡಬಹುದಾದ ಅವಕಾಶ ಅಪರೂಪ. ಬೆಟ್ಟದ ಮೇಲೆ ಕಟ್ಟಿರುವ ಸೇತುವೆಗೆ ಇಳಿಯದೆ ಮೇಲಿನ ನಿಲ್ದಾಣದ ವೀಕ್ಷಣಾ ಸ್ಥಳದಲ್ಲೇ ನಿಂತರೂ ಸಾಕು. ಅದೇ ಬೆಟ್ಟದ ಮಗ್ಗುಲಲ್ಲಿರುವ ತೆಲಾಗಾ ತುಜುವನ್ನು, ಗಂಧರ್ವಕನ್ಯೆಯರು ಮೀಯುತ್ತಿದ್ದರೆನ್ನುವ ಏಳು ಮಡುಗಳ ಜಲಪಾತವನ್ನು, ನಿಮ್ಮ ಮಗಳು ಮತ್ತು ಪತಿ ನೋಡಿಬರಲಿ. ಅಲ್ಲಿ ನೂರಾರು ಮೆಟ್ಟಿಲುಗಳಿವೆ, ಬಂಡೆಗಳ ಮೇಲೆ ಪಾಚಿ ಜಾರುತ್ತದೆ.

ಉತ್ತರ: ಅಲೋರ್ ಸೆಟಾರ್ ವಾಸಿ

ನಿಮ್ಮ ಹೊಸ ಪ್ರಶ್ನೆಗಳಿಗೆ ಉತ್ತರ. ಬುಜಾಂಗ್ ಕಣಿವೆಗೆ ಲಂಕಾವಿಯಿಂದ ಒಂದೇ ದಿನದಲ್ಲಿ ಹೋಗಿಬರುವ ಯೋಚನೆಯನ್ನು ಬಿಡಿ. ಕುವಾದಿಂದ ಕುವಾಲಾ ಕೆಡಾಕ್ಕೆ ಫೆರ್ರಿಯಲ್ಲಿ 2 ಗಂಟೆಯ ಆಸುಪಾಸು ಬೇಕು, ಅಲ್ಲಿಂದ ಮೆರ್ಬೊಕ್‌ಗೆ ಕಾರಿನಲ್ಲಿ ಸುಮಾರು 1 ಗಂಟೆ. ವಯಸ್ಸಾದವರಿಗೆ ಹೋಗಿಬರುವುದರಲ್ಲೇ ದಿನ ಮುಗಿಯುತ್ತದೆ. ಬದಲಿಗೆ ಹಿಂದಿರುಗುವ ವಿಮಾನವನ್ನು ಪೆನಾಂಗ್‌ನಿಂದ ಇಟ್ಟುಕೊಂಡರೆ, ಲಂಕಾವಿಯಿಂದ ಹೊರಟ ದಿನ ದಾರಿಯಲ್ಲೇ ಕುವಾಲಾ ಕೆಡಾದ ಹಳೆಯ ಕೋಟೆಯನ್ನೂ ಬುಜಾಂಗ್ ಕಣಿವೆಯನ್ನೂ ನೋಡಬಹುದು. 1821ರ ಯುದ್ಧದಲ್ಲಿ ಬಿದ್ದ ಕೋಟೆ ಅದೇ. ಫೆರ್ರಿ ನಿಲ್ದಾಣದ ಎದುರು ದಡದಲ್ಲಿದೆ.

ಗುವಾ ಚೆರಿತಾಕ್ಕೆ ತಾಂಜುಂಗ್ ರೂ ಕಡೆಯಿಂದ ದೋಣಿಯಲ್ಲೇ ಹೋಗಬೇಕು. ಒಳಗೆ ಹೋಗಲು ಏಣಿಯಂಥ ಕಡಿದಾದ ಮೆಟ್ಟಿಲು ಹತ್ತಬೇಕಾಗುತ್ತದೆ, ಅದನ್ನು ನಿಮ್ಮ ಅತ್ತೆಯವರಿಗೆ ನಾನು ಸೂಚಿಸಲಾರೆ. ದೋಣಿಯಲ್ಲೇ ಕುಳಿತು ಸುಣ್ಣಕಲ್ಲಿನ ಗೋಡೆಯನ್ನೂ ಗುಹೆಯ ಬಾಯಿಯನ್ನೂ ನೋಡಿದರೂ ಗರುಡನ ಕಥೆಗೆ ತಕ್ಕ ಜಾಗವೆಂದು ಅವರಿಗೆ ಅನಿಸದಿರದು. ದಾಯಾಂಗ್ ಬುಂಟಿಂಗ್‌ನಲ್ಲಿ ದೋಣಿಕಟ್ಟೆಯಿಂದ ಕೆರೆಗೆ ಹೋಗುವ ದಾರಿ ಚಿಕ್ಕದಾದರೂ ಮೆಟ್ಟಿಲುಗಳನ್ನು ಹತ್ತಿ ಇಳಿಯಬೇಕು. ಕೈಹಿಡಿದು ನಿಧಾನವಾಗಿ ಕರೆದೊಯ್ದರೆ ಆಗಬಹುದು, ಒತ್ತಾಯ ಬೇಡ. ಅಲ್ಲಿ ಮಂಗಗಳ ಕಾಟ ಬಹಳ, ತಿಂಡಿಯ ಚೀಲವನ್ನು ಕೈಯಲ್ಲಿ ತೂಗಾಡಿಸಿಕೊಂಡು ಹೋಗಬೇಡಿ. ಕೆರೆ ಆಳವಾಗಿದೆ, ಈಜು ಬಲ್ಲವರೂ ಜೀವರಕ್ಷಕ ಜಾಕೆಟ್ ಇಲ್ಲದೆ ಇಳಿಯಬಾರದು. ಕೋತಾ ಮಹ್ಸೂರಿ ಮಾತ್ರ ಪೂರ್ತಿ ಸಮತಟ್ಟು; ಬಿಸಿಲು ಏರುವ ಮುನ್ನ ಬೆಳಿಗ್ಗೆಯೇ ಹೋಗಿ.

ಜನವರಿ ಇಲ್ಲಿ ಮಳೆ ಕಡಿಮೆಯಿರುವ ಕಾಲ, ದೋಣಿಯ ಪ್ರಯಾಣಕ್ಕೆ ಅನುಕೂಲ. ಕೆಡಾದಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ ಎಂಬುದನ್ನು ನೆನಪಿಡಿ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಅನೇಕ ಅಂಗಡಿ, ಕಚೇರಿಗಳು ಮುಚ್ಚಿರುತ್ತವೆ. ದ್ವೀಪದೊಳಗೆ ಬಸ್ಸುಗಳನ್ನು ನಂಬಿಕೊಳ್ಳುವಂತಿಲ್ಲ, ಚಾಲಕನೊಡನೆ ಕಾರನ್ನು ಗೊತ್ತುಮಾಡಿಕೊಳ್ಳುವುದು ಲೇಸು. ಸಾಧ್ಯವಾದರೆ ದ್ವೀಪದಲ್ಲೇ ಹುಟ್ಟಿ ಬೆಳೆದ ಚಾಲಕರನ್ನು ಕೇಳಿ ಪಡೆಯಿರಿ. ಮಹ್ಸೂರಿಯ ಕಥೆಯನ್ನು ಅವರು ತಮ್ಮ ಅಜ್ಜಿಯಿಂದ ಕೇಳಿದ ಹಾಗೆ ಹೇಳುತ್ತಾರೆ. ಅದು ಸಂಗ್ರಹಾಲಯದ ಫಲಕದಲ್ಲಿರುವುದಕ್ಕಿಂತ ಬೇರೆಯಾಗಿರುತ್ತದೆ, ನಿಮ್ಮ ಅತ್ತೆಯವರು ಕೇಳಬಯಸುವುದೂ ಅದನ್ನೇ ಎಂದು ನನಗನ್ನಿಸುತ್ತದೆ.